ಇಂದಿನ ಧಮ್ಮ ಚಿಂತನೆ: ಅವ್ವ ಹೇಳಿದ ಪಾಪ, ಕಾಲಾಮರ ಅಳತೆಗೋಲು



ನಮ್ಮ ಚಂದಗುಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಅವ್ವ ರಾತ್ರಿಯವರೆಗೂ ಕೂಲಿಗೆ ಕೂರುತ್ತಿದ್ದಳು. "ನಮಗ್ಯಾಕ ಅಂಗಳದಾಗ ಊಟ?" ಎಂದು ಕೇಳಿದರೆ, "ಹಿಂದಿನ ಜನ್ಮದಾಗ ಏನೋ ಪಾಪ ಮಾಡಿರಬೇಕು ತಮ್ಮಾ" ಎನ್ನುತ್ತಿದ್ದಳು.

ಧಮ್ಮಕ್ಕೆ ಬಂದ ಮೇಲೆ ಮಜ್ಝಿಮ ನಿಕಾಯದ ಚೂಳಕಮ್ಮವಿಭಂಗ ಸುತ್ತ ಓದಿದೆ. ಸೊಕ್ಕಿನಿಂದ ನಡೆದವನು ಮುಂದೆ ಕೀಳು ಕುಲದಲ್ಲಿ ಹುಟ್ಟುತ್ತಾನೆ ಎಂದು ಅಲ್ಲಿದೆ. ಓದಿಕೊಂಡವರೊಬ್ಬರು, "ನೋಡಿ, ನಿಮ್ಮ ಬುದ್ಧನೂ ಅದನ್ನೇ ಹೇಳಿದ್ದಾನೆ" ಎಂದರು. ನಾನು ಸುಮ್ಮನಾದೆ. ಆದರೆ ಮನಸ್ಸು ಒಪ್ಪಲಿಲ್ಲ.

ಒಪ್ಪದ ಆ ಮನಸ್ಸನ್ನು ನಂಬಬಹುದೇ?

ಕೇಸಪುತ್ತದ ಕಾಲಾಮರಿಗೂ ಇದೇ ಗೊಂದಲ. ಬಂದ ಗುರುಗಳೆಲ್ಲ ತಮ್ಮದೇ ಸರಿ ಎನ್ನುತ್ತಾರೆ, ಯಾರನ್ನು ನಂಬುವುದು? ಬುದ್ಧರ ಉತ್ತರ ಅಂಗುತ್ತರ ನಿಕಾಯದಲ್ಲಿದೆ. ಪರಂಪರೆಯಿಂದ ಬಂತೆಂದು, ಗ್ರಂಥದಲ್ಲಿದೆಯೆಂದು, ನಮ್ಮ ಗುರು ಹೇಳಿದರೆಂದು ಒಪ್ಪಬೇಡಿ. ಅದೇ ಪಟ್ಟಿಯಲ್ಲಿ ನಾವು ಗಮನಿಸದೆ ದಾಟುವ ಮಾತೊಂದಿದೆ: ನಮ್ಮ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ!

ಹಾಗಾದರೆ ಅಳತೆಗೋಲು ಯಾವುದು? ಇದನ್ನು ಹಿಡಿದು ನಡೆದರೆ ಲೋಭ, ದ್ವೇಷ, ಮೋಹ ಹೆಚ್ಚುತ್ತವೋ, ಕಡಿಮೆಯಾಗುತ್ತವೋ? ಹಿತವೋ, ಅಹಿತವೋ? ತಿಳಿದವರು ಮೆಚ್ಚುವರೋ, ತೆಗಳುವರೋ? ಅದನ್ನು ನಾವೇ ಅರಿಯಬೇಕು. ಒಳಗಿನ ದೀಪ ಎಂದರೆ ಇದು. ಮನಸ್ಸಿಗೆ ಬಂದದ್ದೆಲ್ಲ ದೀಪವಲ್ಲ.

ಅವ್ವನ ಮಾತನ್ನು ಅಳೆದೆ. ಅದು ಅಂಗಳದಲ್ಲಿ ಊಟ ಹಾಕಿದವರ ಸೊಕ್ಕು ಇಳಿಸಲಿಲ್ಲ, ಅವ್ವನ ತಲೆಯನ್ನಷ್ಟೇ ತಗ್ಗಿಸಿತು. ನನ್ನ ಸಿಟ್ಟನ್ನೂ ಅಳೆಯಬೇಕಿತ್ತು, ಅದಕ್ಕೇ ಮತ್ತೆ ಓದಿದೆ. ಸಂಯುತ್ತ ನಿಕಾಯದ ಸೀವಕ ಸುತ್ತ ಸಿಕ್ಕಿತು. ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎಂಬ ಮಾತು ತಪ್ಪು ಎನ್ನುತ್ತಾರೆ ಬುದ್ಧರು. ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಹೀಗೆ ಎಂಟು ಕಾರಣ ಎಣಿಸುತ್ತಾರೆ, ಕರ್ಮ ಅದರಲ್ಲಿ ಒಂದು ಮಾತ್ರ. ಇನ್ನೊಂದು, ಹೊರಗಿನಿಂದ ಬೀಳುವ ಪೆಟ್ಟು. ಮೊದಲಿನ ಸುತ್ತವನ್ನು ಮತ್ತೆ ನೋಡಿದೆ. ಅಲ್ಲಿಯೂ ಎಚ್ಚರಿಕೆ ಇರುವುದು ಸೊಕ್ಕಿನವರಿಗೆ.

ಬಾಬಾಸಾಹೇಬರು ಓದಿದ್ದೂ ಹೀಗೆಯೇ. ಸಿದ್ಧಾರ್ಥ ಮೊದಲ ಸಲ ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಮನೆ ಬಿಟ್ಟನೆಂಬ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವರೆಗೆ ಅವನ್ನು ಕಾಣದೇ ಇರಲು ಹೇಗೆ ಸಾಧ್ಯ ಎಂದು ಕೇಳಿದರು. ಶಾಕ್ಯ–ಕೋಲಿಯರ ನೀರಿನ ಜಗಳದಲ್ಲಿ ಕಾರಣ ಕಂಡರು. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದಿದೆ. ಅನುಮಾನ ಬಂತೆಂದು ಅವರು ಗ್ರಂಥ ಮುಚ್ಚಿಡಲಿಲ್ಲ, ಇನ್ನಷ್ಟು ಓದಿದರು.

ಸೀವಕ ಸುತ್ತವನ್ನು ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ತಪ್ಪು ನಮ್ಮದಲ್ಲ" ಎಂದಳು.

*ಇಂದಿನ ಅಭ್ಯಾಸ:* ಯಾರೋ ಹೇಳಿದರೆಂದು ನೀವು ಇನ್ನೂ ಹೊತ್ತಿರುವ ಒಂದು ಮಾತನ್ನು ಈ ಅಳತೆಗೋಲಿನಿಂದ ಅಳೆಯಿರಿ. ನಿಮಗೆ ಬಹಳ ಇಷ್ಟವಾದ ಒಂದು ಮಾತನ್ನೂ ಅಳೆಯಿರಿ.

ಭವತು ಸಬ್ಬ ಮಂಗಲಂ 🌸 ಜೈ ಭೀಮ್