ಫಿಲಮೆಂಟ್ ಒಣಗಿರಲಿ: ಮಾಡಬೇಕಾದ್ದು, ಮಾಡಬಾರದ್ದು

ಹಳ್ಳಿಮೈಸೂರಿನ ನಮ್ಮ ಮನೆ ಅಟ್ಟದ ತ್ರೀಡಿ ಪ್ರಿಂಟರ್ ಮುಟ್ಟುವ ಎಲ್ಲರಿಗೂ ಇದು ಅನ್ವಯ. ಮನೆಯ ಹುಡುಗರಿಗೆ ಮೊದಲು. ಮುಂಗಾರು ಹಿಡಿದಾಗಿನಿಂದ ದೀಪಾವಳಿ ಕಳೆಯುವ ತನಕ ಯಾರಿಗೂ ರಿಯಾಯಿತಿ ಇಲ್ಲ.

ಮಾಡಬೇಕಾದ್ದು

ಕೆಲಸ ಮುಗಿದ ಕೂಡಲೇ ಫಿಲಮೆಂಟಿನ, ಅಂದರೆ ಪ್ಲಾಸ್ಟಿಕ್ ಎಳೆಯ, ರೋಲು ಇಳಿಸಿ, ತುದಿಯನ್ನು ಅಂಚಿನ ತೂತಿಗೆ ಸಿಕ್ಕಿಸಿ, ಡಬ್ಬಕ್ಕೆ ಹಾಕಿ ಮುಚ್ಚಿ. ‘ಬೆಳಗ್ಗೆ ಮತ್ತೆ ಬೇಕಲ್ಲ’ ಅನ್ನುವ ಮಾತು ಬೇಡ.

ಡಬ್ಬದೊಳಗಿನ ತೇವದ ಮೀಟರು ಶೇಕಡ 20 ದಾಟಿದರೆ ಸಿಲಿಕಾ ಜೆಲ್ ಬದಲಿಸಿ. ಕಿತ್ತಳೆ ಕಾಳು ಹಸಿರಾಗಿದ್ದರೆ ಅದರ ಹೊಟ್ಟೆ ತುಂಬಿದೆ. ಎಸೆಯಬೇಡಿ, ಅಡುಗೆಗೆ ಬಳಸದ ಹಳೆಯ ಓವನ್ನಿನಲ್ಲಿ 110 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ.

ಪ್ರಿಂಟ್ ಶುರುವಾದ ಮೊದಲ ಐದು ನಿಮಿಷ ಕಿವಿಗೊಡಿ. 200 ಡಿಗ್ರಿ ಕಾದ ನಾಜಲ್‌ನಲ್ಲಿ ಎಳೆಯೊಳಗಿನ ನೀರು ಆವಿಯಾಗಿ, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ. ಆಮೇಲೆ ಮೈಯೆಲ್ಲ ಗುಳ್ಳೆ, ಮೂಲೆಯಿಂದ ಮೂಲೆಗೆ ಜೇಡನ ಎಳೆ. ಸದ್ದು ಕೇಳಿದೊಡನೆ ನಿಲ್ಲಿಸಿ.

ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಹಾಕುವ ನಮ್ಮವರಿಗೆ ಒಂದು ವಿಷಯ ತಲೆಕೆಳಗು ಅನ್ನಿಸುತ್ತದೆ. ಬ್ಯಾರನ್ನಿನ (ಒಣಗಿಸುವ ಕೋಣೆಯ) ಸೊಪ್ಪು ಒಣಗಿದರೆ ಮುಟ್ಟಿದ್ದಕ್ಕೇ ಪುಡಿಯಾಗುತ್ತದೆ. ಬಾಗಿಲು ತೆರೆದು ತಂಡಿ ಹೊಡೆಸಿದ ಮೇಲೆಯೇ ಮೆತ್ತಗಾಗಿ ಕೈಗೆ ಬರುವುದು. ಪಿಎಲ್‌ಎ ಪ್ಲಾಸ್ಟಿಕ್ಕಿನ ಎಳೆ ಹಾಗಲ್ಲ, ತೇವ ಕುಡಿದಷ್ಟೂ ಪೆಡಸು. ಗೇಣುದ್ದ ಎಳೆ ಬಾಗಿಸಿ ನೋಡಿ. ಪಟ್ಟನೆ ಮುರಿದರೆ ಒಣಗಿಸಿ. ಒಣಗಿಸಿದ ಮೇಲೂ ಮುರಿದರೆ ಆ ರೋಲಿನ ಆಸೆ ಬಿಡಿ.

ಡ್ರೈಯರಿನಲ್ಲಿ ಪಿಎಲ್‌ಎಗೆ 45ರಿಂದ 50 ಡಿಗ್ರಿ, 6 ಗಂಟೆ. ಪಿಇಟಿಜಿಗೆ 65 ಡಿಗ್ರಿ, ಹೊತ್ತು ಅಷ್ಟೇ. ನೈಲಾನ್ ಮಹಾ ದಾಹದ್ದು: 70ರಿಂದ 80 ಡಿಗ್ರಿಯಲ್ಲಿ 12 ಗಂಟೆ ಇಟ್ಟು, ಡ್ರೈಯರಿನಿಂದಲೇ ನೇರ ಮೆಷಿನ್ನಿಗೆ ಕೊಡಿ. ಆವಿ ಹೊರಹೋಗಲು ಮುಚ್ಚಳದಲ್ಲಿ ಸಣ್ಣ ಸಂದು ಇರಲಿ. ನಡುವೆ ಕರೆಂಟು ಹೋದರೆ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಾಡಬಾರದ್ದು

ಹಪ್ಪಳ ಒಣಗಿಸುವ ತಾರಸಿ ಇದಕ್ಕಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರೂ ಅಲ್ಲ. ಪಿಎಲ್‌ಎ 60 ಡಿಗ್ರಿಯ ಹತ್ತಿರ ಬಂದರೆ ಮೆತ್ತಗಾಗಿ ಸುತ್ತಿಗೆ ಸುತ್ತು ಅಂಟುತ್ತದೆ.

‘ಹೇಗೂ ಬ್ಯಾರನ್ ಬಿಸಿ ಇದೆಯಲ್ಲ’ ಎಂದು ಅಲ್ಲಿ ನೇತುಹಾಕಬೇಡಿ. ಸೊಪ್ಪಿನ ನರ ಒಣಗುವ ಹೊತ್ತಿಗೆ ಅಲ್ಲಿ 70 ಡಿಗ್ರಿ. ಹೋದ ವರ್ಷ ಒಂದು ಕಿಲೋ ರೋಲು ಬೆಲ್ಲದಚ್ಚಿನ ಹಾಗೆ ಒಂದೇ ಗಟ್ಟಿಯಾಗಿ ವಾಪಸು ಬಂತು. ಯಾರು ಇಟ್ಟಿದ್ದು ಅಂತ ಇಲ್ಲಿ ಬರೆಯುವುದಿಲ್ಲ, ಅವರಿಗೇ ಗೊತ್ತು.

ಮೈಕ್ರೋವೇವ್ ಬೇಡವೇ ಬೇಡ. ನೀರಿಗೆ ಬಿದ್ದ ಮೊಬೈಲಿನ ಹಾಗೆ ಅಕ್ಕಿಯಲ್ಲಿ ಹೂಳಬೇಡಿ. ಹೊಸ ಪ್ಯಾಕು ಎಂದು ಕಣ್ಣುಮುಚ್ಚಿ ನಂಬಬೇಡಿ, ಅದೂ ತೇವ ಇರುವುದುಂಟು.

ನೀಲಿ ಜೆಲ್ ಮನೆಗೆ ತರಬೇಡಿ, ಬಣ್ಣಕ್ಕೆ ಕೋಬಾಲ್ಟ್ ಹಾಕಿರುತ್ತಾರೆ, ಅದು ವಿಷ. ಯಾವ ಬಣ್ಣದ ಜೆಲ್ಲೂ ಅಡುಗೆಮನೆಗೆ ಹೋಗಬಾರದು. ಮಕ್ಕಳ ಕಣ್ಣಿಗೆ ಅದು ಪೆಪ್ಪರಮೆಂಟು.

ಮೀಟರಿನ ಬಟನ್ ಸೆಲ್ಲು ಮೇಜಿನ ಡ್ರಾಯರಿನಲ್ಲಿದೆ. ಕೊನೆಯದನ್ನು ತೆಗೆದವರೇ ಹೊಸದು ತಂದಿಡಬೇಕು.