ಶಾಲೆಯ ವಕೀಲಿಕೆಗೆ ಹೊರಟ ಮಗಳಿಗೆ

ಪುಟ್ಟಿ,

ಸ್ಕೂಲ್ ಡಿಸ್ಟ್ರಿಕ್ಟುಗಳ ಕೇಸು ನೋಡಿಕೊಳ್ಳುವ ಲಾ ಆಫೀಸಿಗೆ ಸೇರಿದ್ದೀಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಖುಷಿಯೂ ಇದೆ, ಒಳಗೊಳಗೆ ಒಂದು ಅನುಮಾನವೂ ಇದೆ. ಅಮೆರಿಕದಲ್ಲಿ ಅಷ್ಟು ಸಾಲ ಮಾಡಿ ಲಾ ಓದಿ, ಕೊನೆಗೆ ಶಾಲೆಗಳ ಜಗಳ ಬಿಡಿಸುವುದಕ್ಕೆ ಹೋಗಬೇಕಿತ್ತೇ ಎಂದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇದೇ ಕೆಲಸದಲ್ಲಿ ಕೂದಲು ನರೆತವಳು ನಾನು. ಕಂಪನಿಗಳ ಕೇಸಿನಲ್ಲಿ ಯಾರೇ ಗೆದ್ದರೂ ದುಡ್ಡು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋಗುತ್ತದೆ, ಅಷ್ಟೆ. ಇಲ್ಲಿ ನೀನು ಬೆಳಿಗ್ಗೆ ಕೊಟ್ಟ ಸಲಹೆಯಿಂದ ಮಧ್ಯಾಹ್ನದ ಹೊತ್ತಿಗೆ ಒಂದು ಮಗು ತರಗತಿಯಲ್ಲಿ ಕೂತಿರುತ್ತದೆ, ಇಲ್ಲವೇ ಮನೆಗೆ ಹೋಗಿರುತ್ತದೆ. ಅದಕ್ಕೇ ಕೆಲವು ಮಾತು ಹೇಳಬೇಕೆನಿಸಿತು.

ಶಾಲೆ ರಾಜ್ಯದ ವಿಷಯ, ರಾಜ್ಯದ ಶಿಕ್ಷಣ ಕಾಯ್ದೆಯನ್ನು ಅರೆದು ಕುಡಿದರೆ ಸಾಕು ಎಂದುಕೊಂಡಿದ್ದರೆ ಆ ಎಣಿಕೆಯನ್ನು ಈಗಲೇ ಬಿಡು. ಕಾಗದದ ಮೇಲೆ ಅದು ನಿಜ. ಅಮೆರಿಕದ ಸಂವಿಧಾನವನ್ನು ಎಷ್ಟು ತಿರುವಿದರೂ ಶಿಕ್ಷಣದ ಮಾತಿಲ್ಲ. ಫೆಡರಲ್ ಸಂವಿಧಾನದಡಿ ಅದು ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಒಂದು ಕಾಲದಲ್ಲಿ ಊರಿನ ಯಾರೋ ಒಬ್ಬ ವಕೀಲರು ಬಿಡುವಿನಲ್ಲಿ ಶಾಲೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು: ಕಟ್ಟಡಕ್ಕೆ ಜಾಗ, ಬಸ್ಸಿನ ಗುತ್ತಿಗೆ, ಟೀಚರುಗಳ ನೇಮಕದ ಕರಾರು. ಅಷ್ಟಕ್ಕೂ ರಾಜ್ಯದ ಕಾನೂನೇ ಸಾಕಾಗುತ್ತಿತ್ತು. ಈಗ ಪ್ರಿನ್ಸಿಪಾಲರು ನಿನಗೆ ಫೋನ್ ಮಾಡುವುದು ಸಸ್ಪೆನ್ಶನ್ನಿಗೆ, ಅಂಗವಿಕಲ ಮಗುವಿನ ಸೌಲಭ್ಯಕ್ಕೆ, ಲೈಂಗಿಕ ಕಿರುಕುಳದ ದೂರಿಗೆ, ಮೈದಾನದಲ್ಲಿ ಪ್ರಾರ್ಥನೆ ಮಾಡುವ ಕೋಚಿಗೆ, ಯಾರ ಅಂಕಪಟ್ಟಿಯನ್ನು ಯಾರಿಗೆ ತೋರಿಸಬಹುದೆಂಬ ಪ್ರಶ್ನೆಗೆ. ಇವುಗಳಲ್ಲಿ ಫೆಡರಲ್ ಕಾನೂನು ತಾಗದ ಒಂದೇ ಒಂದು ಸಂಗತಿ ಇಲ್ಲ.

ಫೆಡರಲ್ ಕಾನೂನು ಶಾಲೆಯೊಳಗೆ ಬಂದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಹದಿನಾಲ್ಕನೇ ತಿದ್ದುಪಡಿಯ ಸಮಾನತೆ. ಅದರ ಬಲದಿಂದಲೇ 1954ರಲ್ಲಿ ಬ್ರೌನ್ ತೀರ್ಪು ಕರಿಯ ಮಕ್ಕಳಿಗೊಂದು, ಬಿಳಿಯ ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿಯನ್ನು ತಳ್ಳಿಹಾಕಿತು. ಇನ್ನೊಂದು, ದುಡ್ಡು. 1965ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಚಿಕ್ಕಂದಿನಲ್ಲಿ ಓದಿದ ಒಂದೇ ಕೋಣೆಯ ಶಾಲೆಯ ಅಂಗಳದಲ್ಲಿ ಕೂತು, ತಮಗೆ ಮೊದಲು ಪಾಠ ಹೇಳಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಡ ಮಕ್ಕಳ ಶಾಲೆಗಳಿಗೆ ಫೆಡರಲ್ ನೆರವು ಕೊಡುವ ಕಾಯ್ದೆಗೆ ಸಹಿ ಹಾಕಿದರು. ನೆರವು ಪಡೆದವರು ಜನಾಂಗ ನೋಡಿ ಭೇದ ಮಾಡಕೂಡದೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಆಗಲೇ ಹೇಳಿತ್ತು. 1972ರ ಟೈಟಲ್ ನೈನ್ ಹೆಣ್ಣು ಗಂಡೆಂಬ ಭೇದಕ್ಕೂ, 1973ರ ಸೆಕ್ಷನ್ 504 ಅಂಗವೈಕಲ್ಯಕ್ಕೂ ಅದೇ ಷರತ್ತು ಹಾಕಿದವು. ಶಾಲೆಗಳ ಒಟ್ಟು ಖರ್ಚಿನಲ್ಲಿ ಫೆಡರಲ್ ದುಡ್ಡು ಸುಮಾರು ಹತ್ತರಲ್ಲೊಂದು ಪಾಲು. ಷರತ್ತು ಮಾತ್ರ ಇಡೀ ಡಿಸ್ಟ್ರಿಕ್ಟಿಗೆ.

ಡಿಸ್ಟ್ರಿಕ್ಟ್ ಆಫೀಸುಗಳಲ್ಲಿ ಇದನ್ನೆಲ್ಲ ವಾಷಿಂಗ್ಟನ್ನಿನ ಕಾಟ ಎಂದು ಗೊಣಗುವವರು ನಿನಗೆ ದಿನಾ ಸಿಗುತ್ತಾರೆ. ಅವರ ಸುಸ್ತು ನಿಜವಾದದ್ದು, ಅದನ್ನು ಹಗುರವಾಗಿ ಕಾಣಬೇಡ. ಆದರೆ ಅವರ ಜೊತೆ ಸೇರಿ ನೀನೂ ಗೊಣಗಬೇಡ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು 1,800 ಚೀನೀ ಮಕ್ಕಳನ್ನು ಇಂಗ್ಲಿಷಿನ ತರಗತಿಯಲ್ಲಿ ಕೂರಿಸಿ, ಇಂಗ್ಲಿಷ್ ಕಲಿಸುವ ಯಾವ ಏರ್ಪಾಡನ್ನೂ ಮಾಡದೆ ಬಿಟ್ಟಿದ್ದರು. ಅದೇ ಪುಸ್ತಕ, ಅದೇ ಮೇಷ್ಟ್ರು, ಇನ್ನೇನು ಬೇಕು ಎಂಬ ವಾದವನ್ನು 1974ರಲ್ಲಿ ಲಾವ್ ಪ್ರಕರಣದಲ್ಲಿ ಕೋರ್ಟು ಒಪ್ಪಲಿಲ್ಲ. ಈ ಕಾನೂನುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದಕ್ಕಿಂತ ಮೊದಲು ತರಗತಿಯ ಹೊರಗೋ, ಒಳಗಿದ್ದೂ ಹೊರಗೋ ಉಳಿದ ಮಕ್ಕಳಿದ್ದಾರೆ. ಡಿಸ್ಟ್ರಿಕ್ಟಿನ ಪರ ನಿಲ್ಲುವ ವಕೀಲೆ ಆ ಮಕ್ಕಳನ್ನು ಎದುರಾಳಿಯೆಂದು ಎಣಿಸಿದ ದಿನವೇ ಅವಳ ಸಲಹೆ ಕೆಡುತ್ತದೆ. ಇದು ಬರೀ ನೀತಿಯ ಮಾತಲ್ಲ, ಅಂಥ ಸಲಹೆ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಈಗ ದಿನದ ಕೆಲಸಕ್ಕೆ ಬರುತ್ತೇನೆ, ಮೊದಲು ಸಸ್ಪೆನ್ಶನ್. ಒಹಾಯೊದ ಕೊಲಂಬಸ್‌ನಲ್ಲಿ ಗಲಾಟೆಯ ನೆಪದಲ್ಲಿ ಮಕ್ಕಳನ್ನು ಏನೂ ವಿಚಾರಿಸದೆ ಹತ್ತು ದಿನದವರೆಗೆ ಸಸ್ಪೆಂಡ್ ಮಾಡಿದ್ದರು. 1975ರಲ್ಲಿ ಗಾಸ್ ತೀರ್ಪು, ಅಷ್ಟು ಕಡಿಮೆ ಅವಧಿಯ ಸಸ್ಪೆನ್ಶನ್ನಿಗೂ ನ್ಯಾಯವಾದ ಕ್ರಮ ಬೇಕು ಎಂದಿತು. ಇದನ್ನು ಕೇಳಿದರೆ ಹೊಸ ವೈಸ್ ಪ್ರಿನ್ಸಿಪಾಲರು ಹೆದರುತ್ತಾರೆ, ಪ್ರತಿ ಜಗಳಕ್ಕೂ ಒಂದು ಕೋರ್ಟು ನಡೆಸಬೇಕೇನೋ ಎಂದು. ಬೇಕಾದದ್ದು ಐದು ನಿಮಿಷ. ನಿನ್ನ ಮೇಲೆ ಇಂಥ ದೂರು ಬಂದಿದೆ ಎಂದು ಹುಡುಗನಿಗೆ ಹೇಳಬೇಕು. ಅವನು ಇಲ್ಲವೆಂದರೆ ನಮಗೆ ಗೊತ್ತಾದದ್ದು ಇದು ಎಂದು ತಿಳಿಸಬೇಕು. ಆಮೇಲೆ ಅವನ ಮಾತು ಕೇಳಬೇಕು. ಆಫೀಸಿನ ಹೊರಗಿನ ಕಾರಿಡಾರಿನಲ್ಲೇ ಇದಾಗಬಹುದು. ಯಾರಿಗಾದರೂ ಅಪಾಯವಿದ್ದರೆ ಮೊದಲು ಮನೆಗೆ ಕಳಿಸಿ, ಬೇಗನೆ ಕರೆಸಿ ಕೇಳಿದರೂ ನಡೆಯುತ್ತದೆ. ಇದನ್ನು ಒಂದು ಸಣ್ಣ ಕಾರ್ಡಿನಲ್ಲಿ ಬರೆದು ಎಲ್ಲ ವೈಸ್ ಪ್ರಿನ್ಸಿಪಾಲರ ಮೇಜಿಗೂ ಅಂಟಿಸು. ನಲವತ್ತು ಪುಟದ ಮೆಮೊ ಯಾರೂ ಓದುವುದಿಲ್ಲ, ಕಾರ್ಡನ್ನು ಓದುತ್ತಾರೆ.

ನಿನ್ನ ಬಹುಪಾಲು ಹೊತ್ತು ಹೋಗುವುದು ಸ್ಪೆಷಲ್ ಎಜುಕೇಶನ್ನಿಗೆ. ಅಂಗವಿಕಲ ಮಕ್ಕಳಿಗೂ ತಕ್ಕ ಶಿಕ್ಷಣ ಉಚಿತವಾಗಿ ಸಿಗಬೇಕೆಂಬ ಕಾಯ್ದೆಗೆ ಅಧ್ಯಕ್ಷ ಫೋರ್ಡ್ 1975ರ ನವೆಂಬರಿನಲ್ಲಿ ಸಹಿ ಹಾಕಿದರು. 1990ರಿಂದ ಅದಕ್ಕೆ ಐಡಿಇಎ ಎಂಬ ಹೆಸರು. ಅದಕ್ಕೂ ಮೊದಲು ಹತ್ತು ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗೇ ಉಳಿದಿದ್ದರೆಂದು ಕಾಂಗ್ರೆಸ್ಸು ಆ ಕಾಯ್ದೆಯಲ್ಲೇ ಬರೆಯಿತು. ಹೆಚ್ಚುವರಿ ಖರ್ಚಿಗೆಂದು ದೇಶದ ಪ್ರತಿ ವಿದ್ಯಾರ್ಥಿಯ ಸರಾಸರಿ ವೆಚ್ಚದ ಶೇ. 40ರವರೆಗೆ ಕೊಡುವುದಾಗಿಯೂ ಹೇಳಿತು. ಆ ಮಾತು ಇವತ್ತಿಗೂ ಪೂರ್ತಿ ನಡೆದಿಲ್ಲ. ಸ್ಕೂಲ್ ಬೋರ್ಡಿನ ಸದಸ್ಯರು ಈ ಸಿಟ್ಟನ್ನು ನಿನ್ನ ಮುಂದೆ ಕಾರಿಕೊಂಡಾಗ ನಿಮ್ಮ ಸಿಟ್ಟು ನ್ಯಾಯವಾದದ್ದೇ ಎಂದು ಒಪ್ಪಿಕೋ. ಆ ಸಾಲ ವಾಷಿಂಗ್ಟನ್ನಿನದು, ಎದುರಿಗೆ ಕೂತ ಮಗುವಿನದಲ್ಲ ಎಂದೂ ಹೇಳು. ಮಗುವಿಗೆ ಎಷ್ಟು ಕೊಟ್ಟರೆ ಸಾಕೆಂಬುದರ ಅಳತೆ ಬಹಳ ಕಾಲ ತೀರಾ ಕೆಳಗಿತ್ತು. 2017ರಲ್ಲಿ ಕೊಲರಾಡೊದ ಆಟಿಸಂ ಇದ್ದ ಒಬ್ಬ ಹುಡುಗನ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಏರಿಸಿತು: ಯೋಜನೆ ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಯಾಗುವಂತಿರಬೇಕು, ಹೆಸರಿಗೊಂದಿಷ್ಟು ಉಪಯೋಗವಾದರೆ ಸಾಲದು.

ಆ ಯೋಜನೆಗೆ ಐಇಪಿ ಎನ್ನುತ್ತಾರೆ, ಅದರ ಸಭೆಗಳಿಗೆ ನೀನು ಹೋಗುತ್ತೀಯ. ಒಂದು ಉದ್ದ ಮೇಜು, ಒಂದು ಕಡೆ ಟೀಚರು, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಪ್ರಿನ್ಸಿಪಾಲ್, ಎಲ್ಲರ ಮುಂದೆಯೂ ಪ್ರಿಂಟ್ ಹಾಕಿದ ಯೋಜನೆ. ಇನ್ನೊಂದು ಕಡೆ ತಾಯಿ ಒಬ್ಬಳೇ, ಮಡಿಲಲ್ಲಿ ಫೈಲು. ಯೋಜನೆ ಎಷ್ಟೇ ಒಳ್ಳೆಯದಿರಲಿ, ತೀರ್ಮಾನವನ್ನು ಮೊದಲೇ ಮಾಡಿಕೊಂಡು ಸಹಿಗಷ್ಟೇ ಆ ತಾಯಿಯನ್ನು ಕರೆಸಿದ್ದಾರೆಂದು ಸಾಬೀತಾದರೆ ಡಿಸ್ಟ್ರಿಕ್ಟು ಸೋಲುತ್ತದೆ. ಟೆನೆಸಿಯ ಒಂದು ಡಿಸ್ಟ್ರಿಕ್ಟು 2004ರಲ್ಲಿ ಫೆಡರಲ್ ಅಪೀಲು ಕೋರ್ಟಿನಲ್ಲಿ ಹಾಗೇ ಸೋತಿತು. ಹಾಗಾಗಿ ಕರಡನ್ನು ಸಭೆಗೆ ಮುಂಚೆಯೇ ಮನೆಗೆ ಕಳಿಸಲು ಹೇಳು, ಅದರ ಮೇಲೆ ಕರಡು ಎಂದು ದೊಡ್ಡದಾಗಿ ಬರೆಸು. ಸಭೆಯಲ್ಲಿ ಮೊದಲ ಮಾತು ತಾಯಿಯದಾಗಲಿ. ವಕೀಲರ ಮುಖ ಕಂಡರೆ ಅವಳ ಗಂಟಲು ಕಟ್ಟುತ್ತದೆ. ತೀರಾ ಬೇಕಾದಾಗ ಮಾತ್ರ ಹೋಗು.

ಆ ತಾಯಿ ನಮ್ಮವಳೇ ಆಗಿರುವ ದಿನವೂ ಬರುತ್ತದೆ. ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾ, ಎಲ್ಲಿ ನೋಡಿದರೂ ಕನ್ನಡದ ಮಕ್ಕಳು ಈ ಶಾಲೆಗಳಲ್ಲಿದ್ದಾರೆ. ಸ್ಕೂಲಿನವರಿಗೆ ಎದುರಾಡಬಾರದು ಎಂದು ಬೆಳೆದವರು, ಮಗುವಿನ ಹೆಸರಿನ ಮುಂದೆ ಏನೋ ಒಂದು ಬರೆದುಬಿಟ್ಟರೆ ಎಂದು ಅಂಜುವವರು. ನಿನ್ನ ಹೆಸರು ನೋಡಿದ ಕೂಡಲೇ ಬ್ರೇಕಿನಲ್ಲಿ ಹತ್ತಿರ ಬಂದು ಕನ್ನಡದಲ್ಲಿ, 'ಸಹಿ ಹಾಕ್ಲಾ ಬೇಡ್ವಾ, ನೀವೇ ಹೇಳಿ ಮೇಡಂ' ಎನ್ನುತ್ತಾರೆ. ನಿನ್ನ ಕರುಳು ಚುರುಕ್ ಎನ್ನುತ್ತದೆ. ಆದರೂ ಸಲಹೆ ಕೊಡುವ ಹಾಗಿಲ್ಲ. ನೀನು ಡಿಸ್ಟ್ರಿಕ್ಟಿನ ವಕೀಲೆ. ನಿನ್ನ ಮಾತು ನಂಬಿ ಅವರು ಸಹಿ ಹಾಕಿದರೆ ಅವರಿಗೂ ಅನ್ಯಾಯ, ನಿನ್ನ ಕಕ್ಷಿದಾರರಿಗೂ ದ್ರೋಹ. ನಾನು ಶಾಲೆಯ ಪರ ಬಂದವಳು, ನಿಮಗೆ ಸಲಹೆ ಹೇಳಲಾರೆ, ಇವತ್ತೇ ಸಹಿ ಹಾಕಬೇಕೆಂದೇನೂ ಇಲ್ಲ, ಬೇಕಾದರೆ ನಿಮ್ಮದೇ ವಕೀಲರನ್ನು ಕೇಳಿ ಎಂದು ಕನ್ನಡದಲ್ಲೇ, ಮೆತ್ತಗೆ, ಎಲ್ಲರಿಗೂ ಕಾಣುವಂತೆ ಹೇಳು. ಆಮೇಲೆ ಅದನ್ನೇ ನಿಮ್ಮ ಕಡೆಯವರಿಗೆ ಇಂಗ್ಲಿಷಿನಲ್ಲಿ ತಿಳಿಸು. ದುಭಾಷಿಯ ಕೆಲಸಕ್ಕೆ ಮಾತ್ರ ಎಂದೂ ಕೂರಬೇಡ. ತಂದೆತಾಯಿಗೆ ಸಭೆಯ ಮಾತು ಅರ್ಥವಾಗುವಂತೆ ನೋಡಿಕೊಳ್ಳುವ ಹೊಣೆ ಕಾನೂನಿನ ಪ್ರಕಾರ ಶಾಲೆಯದು. ದುಭಾಷಿ ಬೇಕಾದರೆ ಶಾಲೆಯೇ ಕರೆಸಬೇಕು, ಹಕ್ಕುಗಳ ನೋಟಿಸನ್ನೂ ಸಾಧ್ಯವಿದ್ದಷ್ಟು ಅವರ ಭಾಷೆಯಲ್ಲೇ ಕೊಡಬೇಕು. ಅದನ್ನು ಸಭೆಗೆ ಮೊದಲೇ ನೆನಪಿಸು. ಆ ತಾಯಿಗೆ ನೀನು ಮಾಡಬಹುದಾದ ಉಪಕಾರ ಇದೇ.

ಇನ್ನೊಂದು ಮಾತು, ವಾಷಿಂಗ್ಟನ್ನಿನಿಂದ ಬರುವ ಪತ್ರಗಳದ್ದು. ಲೈಂಗಿಕ ಕಿರುಕುಳದ ದೂರನ್ನು ಹೇಗೆ ವಿಚಾರಿಸಬೇಕೆಂದು 2011ರಲ್ಲಿ ಶಿಕ್ಷಣ ಇಲಾಖೆ ಒಂದು ಪತ್ರ ಕಳಿಸಿತು. 2017ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2020ರಲ್ಲಿ ಹೊಸ ನಿಯಮ ಬಂತು, 2024ರಲ್ಲಿ ಇನ್ನೊಂದು. ಆ ಎರಡನೆಯದನ್ನು 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟು ರದ್ದು ಮಾಡಿತು, ಮತ್ತೆ 2020ರದ್ದೇ ಬಂತು. ಇಷ್ಟರಲ್ಲೂ ಇವೆಲ್ಲಕ್ಕೂ ಆಧಾರವಾದ ಟೈಟಲ್ ನೈನ್, ಅಂದರೆ 1972ರ ಮೂಲ ಕಾಯ್ದೆಯ ಒಂದು ಅಕ್ಷರ ಅಲ್ಲಾಡಲಿಲ್ಲ. ಪ್ರತಿ ಪತ್ರ ಬಂದಾಗಲೂ ಹ್ಯಾಂಡ್‌ಬುಕ್ಕನ್ನು ತಿರುಗಾಮುರುಗಾ ಮಾಡಿದ ಡಿಸ್ಟ್ರಿಕ್ಟುಗಳಲ್ಲಿ ಕೊನೆಗೆ ಯಾವ ನಿಯಮ ನಡೆಯುತ್ತಿದೆಯೆಂದು ಟೀಚರುಗಳಿಗೇ ಗೊತ್ತಿರಲಿಲ್ಲ. ಕೈಗೆ ಬಂದ ಕಾಗದವನ್ನು ಮೊದಲು ಜರಡಿ ಹಿಡಿ. ಇದು ಕಾಂಗ್ರೆಸ್ಸಿನ ಕಾಯ್ದೆಯೋ, ಸುಪ್ರೀಂ ಕೋರ್ಟಿನ ತೀರ್ಪೋ, ಕ್ರಮಬದ್ಧವಾಗಿ ಹೊರಡಿಸಿದ ನಿಯಮವೋ, ಇಲ್ಲಾ ಈಗಿನ ಆಡಳಿತದ ಅಭಿಪ್ರಾಯವೋ? ಸೂಪರಿಂಟೆಂಡೆಂಟರಿಗೆ ಬರೆಯುವ ಪತ್ರದ ಮೊದಲ ಸಾಲಿನಲ್ಲೇ ಅದನ್ನು ಹೇಳು. ಪತ್ರವನ್ನು ಕಸದ ಬುಟ್ಟಿಗೆ ಹಾಕು ಎನ್ನುತ್ತಿಲ್ಲ, ಅದರ ಹಿಂದೆ ಅನುದಾನ ನಿಲ್ಲಿಸುವ ಬೆದರಿಕೆ ಇರಬಹುದು. ಬೆದರಿಕೆಯ ತೂಕ ಬೇರೆ, ಕಾನೂನಿನ ತೂಕ ಬೇರೆ.

ಇತ್ತೀಚೆಗಂತೂ ಈ ವ್ಯತ್ಯಾಸ ಇನ್ನೂ ಮುಖ್ಯ. 2025ರ ಮಾರ್ಚಿನಲ್ಲಿ ಶಿಕ್ಷಣ ಇಲಾಖೆ ಸಿಬ್ಬಂದಿಯನ್ನು ಅರ್ಧದಷ್ಟು ಇಳಿಸಲು ಹೊರಟಿತು. ನಾಗರಿಕ ಹಕ್ಕುಗಳ ದೂರು ವಿಚಾರಿಸುವ ಹನ್ನೆರಡು ಪ್ರಾದೇಶಿಕ ಕಚೇರಿಗಳಲ್ಲಿ ಏಳನ್ನು ಮುಚ್ಚುವುದಾಗಿ ಹೇಳಿತು. ಇಲಾಖೆಯನ್ನೇ ಮುಚ್ಚುವ ದಾರಿ ಹುಡುಕಬೇಕೆಂದು ಅಧ್ಯಕ್ಷರ ಆದೇಶವೂ ಬಂತು. ಇನ್ನು ಕೇಳುವವರು ಯಾರು, ಸ್ವಲ್ಪ ಸಡಿಲ ಬಿಡೋಣ ಎನ್ನುವ ಬೋರ್ಡ್ ಸದಸ್ಯರೊಬ್ಬರು ನಿನಗೆ ಸಿಕ್ಕೇ ಸಿಗುತ್ತಾರೆ. ಅವರನ್ನು ತಡೆಯುವುದು ನಿನ್ನ ಕರ್ತವ್ಯ. ಕಚೇರಿ ಮುಚ್ಚಿದರೆ ಕಾಯ್ದೆ ಮುಚ್ಚಿಹೋಗುವುದಿಲ್ಲ, ಕೋರ್ಟಿನ ಬಾಗಿಲಂತೂ ಇನ್ನಷ್ಟು ತೆರೆದಿದೆ. ಮಿಚಿಗನ್ನಿನ ಸ್ಟರ್ಜಿಸ್‌ನಲ್ಲಿ ಒಬ್ಬ ಕಿವುಡ ಹುಡುಗನಿಗೆ ಸನ್ನೆ ಭಾಷೆ ಬಾರದವರನ್ನು ಸಹಾಯಕ್ಕೆ ಕೊಟ್ಟಿದ್ದರು ಎಂಬುದು ದೂರು. ಅಂಗವಿಕಲರ ವಿರುದ್ಧ ತಾರತಮ್ಯ ತಡೆಯುವ ಎಡಿಎ ಕಾಯ್ದೆಯಡಿ ಅಂಥವರು ಪರಿಹಾರದ ಹಣ ಕೇಳಲು ಐಡಿಇಎಯ ವಿಚಾರಣೆಯ ಎಲ್ಲ ಮೆಟ್ಟಿಲನ್ನೂ ಹತ್ತಿ ಬರಬೇಕಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು.

ಮಿನ್ನೆಸೋಟದ ಒಬ್ಬ ಹುಡುಗಿಯ ಕೇಸನ್ನಂತೂ ಪೂರ್ತಿ ಓದು. ಅಪಸ್ಮಾರ ಇದ್ದ ಮಗು. ಬೆಳಗಿನ ಹೊತ್ತು ಫಿಟ್ಸ್ ಹೆಚ್ಚಿದ್ದರಿಂದ ಮಧ್ಯಾಹ್ನಕ್ಕೆ ಮುಂಚೆ ಅವಳಿಗೆ ಶಾಲೆಗೆ ಬರಲಾಗುತ್ತಿರಲಿಲ್ಲ. ಮೊದಲಿದ್ದ ಕೆಂಟಕಿಯ ಶಾಲೆ ಸಂಜೆ ಪಾಠ ಹೇಳಿಸಿ ಅದನ್ನು ಸರಿದೂಗಿಸಿತ್ತು. ಮಿನ್ನೆಸೋಟದಲ್ಲಿ ತಂದೆತಾಯಿ ಅದನ್ನೇ ಕೇಳಿದರು, ಡಿಸ್ಟ್ರಿಕ್ಟು ವರ್ಷಗಟ್ಟಲೆ ಒಪ್ಪಲಿಲ್ಲ. ಉಳಿದ ಮಕ್ಕಳಿಗೆ ಆರೂವರೆ ಗಂಟೆ ಶಾಲೆ, ಇವಳಿಗೆ ನಾಲ್ಕೂಕಾಲು. ಇಂಥ ಮಕ್ಕಳು ತಾರತಮ್ಯವನ್ನು ಸಾಬೀತು ಮಾಡಲು ಶಾಲೆಯವರ ದುರುದ್ದೇಶವನ್ನೋ ಘೋರ ಅವಿವೇಕವನ್ನೋ ತೋರಿಸಬೇಕೆಂದು ಕೆಲವು ಕೆಳಗಿನ ಕೋರ್ಟುಗಳು ಹೇಳುತ್ತಿದ್ದವು. ಬೇರೆ ಅಂಗವಿಕಲರಿಗಿಲ್ಲದ ಈ ಹೆಚ್ಚಿನ ಹೊರೆ ಶಾಲೆಯ ಮಕ್ಕಳಿಗೂ ಬೇಡ ಎಂದು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಮಾನಿಸಿತು.

ನಿಮ್ಮ ಡಿಸ್ಟ್ರಿಕ್ಟುಗಳಲ್ಲೂ ಹೀಗೆ ಅರ್ಧ ದಿನದ ಮಕ್ಕಳಿರುತ್ತಾರೆ. ಕೆಲವರದು ಕಾಯಿಲೆ. ಇನ್ನು ಕೆಲವರ ಮನೆಗೆ ಹನ್ನೊಂದು ಗಂಟೆಗೆ ಫೋನ್ ಬರುತ್ತದೆ, ಇವತ್ತು ತುಂಬಾ ಹಟ ಮಾಡ್ತಿದ್ದಾನೆ, ಬಂದು ಕರ್ಕೊಂಡು ಹೋಗಿ ಎಂದು. ಅದನ್ನು ಸಸ್ಪೆನ್ಶನ್ ಎಂದು ಯಾರೂ ಬರೆದಿಡುವುದಿಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಅದೂ ಸೇರಬಹುದು. ಅಂಗವಿಕಲ ಮಗುವನ್ನು ಹತ್ತು ಶಾಲಾ ದಿನಕ್ಕಿಂತ ಹೆಚ್ಚು ಹೊರಗಿಟ್ಟು, ಅದು ಮಗುವಿನ ಶಿಕ್ಷಣದ ಜಾಗವನ್ನೇ ಬದಲಿಸಿದಂತೆ ಎಂದು ಕಾನೂನು ಎಣಿಸುವಂತಾದರೆ, ಆ ವರ್ತನೆಗೆ ಅಂಗವೈಕಲ್ಯವೇ ಕಾರಣವೇ ಎಂದು ಸಭೆ ಕರೆದು ನೋಡಲೇಬೇಕು. ಆಗಸ್ಟಿನಲ್ಲಿ ಶಾಲೆ ತೆರೆಯುವ ಮೊದಲೇ ಸ್ಪೆಷಲ್ ಎಜುಕೇಶನ್ ಡೈರೆಕ್ಟರನ್ನು ಭೇಟಿಯಾಗಿ, ಪೂರ್ತಿ ದಿನ ಶಾಲೆಯಲ್ಲಿ ಇರದ ಮಕ್ಕಳ ಪಟ್ಟಿ ಕೇಳು. ಪ್ರತಿ ಹೆಸರಿನ ಮುಂದೆ ಎಷ್ಟು ಗಂಟೆ ತಪ್ಪುತ್ತಿದೆ, ಯಾಕೆ, ಅದನ್ನು ತುಂಬಲು ಏನು ಮಾಡುತ್ತಿದ್ದಾರೆ ಎಂದು ಬರೆಸು. ಪಟ್ಟಿಯೇ ಇಲ್ಲ ಎಂದರೆ ಇಬ್ಬರೂ ಕೂತು ಹಾಜರಿ ನೋಡಿ ಮಾಡಿ. ಅದಕ್ಕೆ ಹಿಡಿದ ಹೊತ್ತಿಗೆ ಬಿಲ್ ಹಾಕಲು ಸಂಕೋಚ ಬೇಡ, ಒಂದೇ ಒಂದು ಹಿಯರಿಂಗ್ ತಪ್ಪಿದರೂ ಅದಕ್ಕಿಂತ ಎಷ್ಟೋ ಹೆಚ್ಚು ದುಡ್ಡು ಡಿಸ್ಟ್ರಿಕ್ಟಿಗೆ ಉಳಿಯುತ್ತದೆ.

ಪ್ರೀತಿಯ,
ದೊಡ್ಡಮ್ಮ