ಗೇಟು ಯಾರಿಗೆ?

☸️ *ಇಂದಿನ ಧಮ್ಮ ಚಿಂತನೆ* ☸️



ನಾನಿರುವುದು ಕೊಟ್ಟೂರಿನ ಒಂದು ಬಡಾವಣೆಯಲ್ಲಿ. ಮೇನ್ ರೋಡಿನ ಕೆಲಸ ಶುರುವಾದ ಮೇಲೆ ಬೆಳಗ್ಗೆ ಏಳರಿಂದ ಹತ್ತರವರೆಗೆ ನಮ್ಮ ಓಣಿಯೇ ದೊಡ್ಡ ರಸ್ತೆಯಾಗಿದೆ. ಕೂಡ್ಲಿಗಿ, ಹರಪನಹಳ್ಳಿ ಕಡೆ ನೌಕರಿಗೆ ಹೋಗುವವರ ಬೈಕು, ಕಾರು, ಶಾಲೆಯ ವ್ಯಾನು, ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ ಎಲ್ಲವೂ ಇಲ್ಲಿಂದಲೇ. ಹೋದ ತಿಂಗಳು ನನ್ನ ಮಗಳ ಸೈಕಲ್ಲಿಗೆ ಒಂದು ಬೈಕು ತಾಗಿ ಮೊಣಕಾಲು ಕಿತ್ತುಹೋಯಿತು. ಆ ಸಂಜೆ ಸಿಟ್ಟಿನಲ್ಲಿ ಮೊದಲು ಮಾತೆತ್ತಿದವನು ನಾನೇ.

ಎಂಟು ದಿನದಲ್ಲಿ ಅರ್ಜಿ ತಯಾರಾಯಿತು. ಓಣಿಯ ಆಚೆ ತುದಿಗೆ ಗೇಟು ಹಾಕಬೇಕೆಂಬ ಅರ್ಜಿ. ಸಹಿ ಮಾಡಲು ಪೆನ್ನು ತೆಗೆದೆ. ಪಕ್ಕದ ಮನೆಯ ಹಿರಿಯರು, "ಮೇಷ್ಟ್ರೇ, ನೌಕರಿಗೆ ಹೋಗೋರಿಗೆ ಒಂದೊಂದು ಕೀಲಿ ಕೊಡೋಣ. ಆ ಕಡೆಯಿಂದ ಬರೋ ಟಂಟಂ ಸುತ್ತಾಕ್ಕೊಂಡು ಹೋಗ್ಲಿ" ಅಂದರು.

ಆ ಕಡೆ ಅಂದರೆ ನಾನು ಹುಟ್ಟಿದ ಕೇರಿ. ಆ ಟಂಟಂನಲ್ಲಿ ನನ್ನ ಅಕ್ಕ ಕೂತಿರುತ್ತಾಳೆ. ಮಗಳಿಗೆ ತಾಗಿದ್ದು ಟಂಟಂ ಅಲ್ಲ, ನನ್ನಂಥ ಒಬ್ಬ ನೌಕರನ ಬೈಕು. ಪೆನ್ನು ಮತ್ತೆ ಜೇಬಿಗೆ ಹೋಯಿತು.

*ರೋಹಿಣಿ ನದಿಯ ಪಾಠ*

ರಾತ್ರಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ತೆಗೆದು ಕೂತೆ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿಯ ನೀರಿಗಾಗಿ ಜಗಳ. ಯುದ್ಧವೇ ಆಗಲಿ ಎಂದು ಸೇನಾಪತಿ ಹೇಳಿದಾಗ ಸಿದ್ಧಾರ್ಥ ಒಪ್ಪಲಿಲ್ಲ. ಮೊದಲು ತಪ್ಪು ಯಾರದೆಂದು ವಿಚಾರಣೆಯಾಗಲಿ, ನಮ್ಮವರೂ ಕೈ ಮಾಡಿದ್ದಾರೆಂದು ಕೇಳಿದ್ದೇನೆ ಎಂದ. ನಮ್ಮವರು ಇಬ್ಬರು, ಅವರ ಕಡೆಯವರು ಇಬ್ಬರು, ಆ ನಾಲ್ವರು ಆರಿಸಿದ ಐದನೆಯವರೊಬ್ಬರು ಕೂತು ತೀರ್ಮಾನಿಸಲಿ ಎಂದ. ಬಹುಮತ ಅವನ ಕಡೆ ಇರಲಿಲ್ಲ. ಅವನು ಮನೆ ಬಿಡಬೇಕಾಗಿ ಬಂದದ್ದು ಇದರಿಂದಲೇ ಎಂದು ಬಾಬಾಸಾಹೇಬರು ತೋರಿಸುತ್ತಾರೆ.

ಸಿದ್ಧಾರ್ಥ ನೀರು ಬೇಡ ಅನ್ನಲಿಲ್ಲ. ಶಾಕ್ಯರ ಕಷ್ಟ ಸುಳ್ಳು ಅಂತಲೂ ಅನ್ನಲಿಲ್ಲ. ಕಾರಣ ಹುಡುಕದೆ ಜನರ ಮೇಲೆ ಏರಿ ಹೋಗಬೇಡಿ ಎಂದ, ಅಷ್ಟೇ.

*ದಾರಿಯ ಚರಿತ್ರೆ*

ದಾರಿಗೆ ಬೇಲಿ ಹಾಕುವುದು ನಮಗೆ ಹೊಸದಲ್ಲ. ತಿರುವಾಂಕೂರಿನ ವೈಕಂನಲ್ಲಿ 1924ರ ಮಾರ್ಚ್ 30ರಂದು ಸತ್ಯಾಗ್ರಹ ಶುರುವಾದದ್ದು ಗುಡಿಯ ಒಳಗೆ ಹೋಗಲು ಅಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲು. ಪೆರಿಯಾರ್ ಅಲ್ಲಿ ಜೈಲಿಗೆ ಹೋದರು. 1925ರ ಕೊನೆಗೆ ಮೂರು ದಿಕ್ಕಿನ ರಸ್ತೆ ತೆರೆಯಿತು, ಪೂರ್ವದ್ದು ಆಗಲೂ ತೆರೆಯಲಿಲ್ಲ. ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆಗೆ 'ರಸ್ತೆ' ಎಂಬ ಮಾತೂ ಇದೆ. ಸುಮ್ಮನೆ ಬಂದದ್ದಲ್ಲ ಅದು.

ಹಾಗಾದರೆ ಮಗುವಿನ ಮೊಣಕಾಲಿಗೆ ಬೆಲೆ ಇಲ್ಲವೇ? ಇದೆ. ಓಣಿಯವರ ಸಂಕಟ ನಿಜವೇ. ಬೆಂಗಳೂರಿನದೇ ಒಂದು ಉದಾಹರಣೆ ನೋಡಿ. 2025ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಇಬ್ಬಲೂರು ಕಡೆಯ ದಟ್ಟಣೆ ಇಳಿಸಲು ವಿಪ್ರೋ ಆವರಣದೊಳಗಿಂದ ಸ್ವಲ್ಪ ವಾಹನ ಬಿಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪತ್ರ ಬರೆದರು. ಅದು ಖಾಸಗಿ ಜಾಗ, ಸಾರ್ವಜನಿಕ ದಾರಿಯಲ್ಲ ಎಂದು ಅಜೀಂ ಪ್ರೇಮ್‌ಜಿ ಒಪ್ಪಲಿಲ್ಲ. ಆದರೆ ದಟ್ಟಣೆಯ ಕಾರಣ ತಿಳಿಯಲು ತಜ್ಞರ ಅಧ್ಯಯನವಾಗಲಿ, ಅದರ ಖರ್ಚಿನಲ್ಲಿ ದೊಡ್ಡ ಪಾಲು ಕೊಡುತ್ತೇವೆ ಎಂದರು. ಇದರಲ್ಲಿ ಎರಡು ಮಾತು ಹಿಡಿಯಬೇಕು. ನಮ್ಮ ಓಣಿ ಯಾರ ಸ್ವಂತ ಆವರಣವೂ ಅಲ್ಲ, ಅದು ಸಾರ್ವಜನಿಕ ರಸ್ತೆ. ಮತ್ತು 'ಬೇಡ' ಅನ್ನುವವರು ಕಾರಣ ಹುಡುಕುವುದಕ್ಕೂ ಕೈ ಹಾಕಬೇಕು.

*ನಾನು ಮಾಡಿದ್ದು*

ಬೇರೊಂದು ಅರ್ಜಿ ಬರೆದೆ. ಓಣಿಗೆ ಎರಡು ಹಂಪ್ಸ್ ಹಾಕಿಸಿ, ವೇಗದ ಮಿತಿಯ ಫಲಕ ನಿಲ್ಲಿಸಿ, ಶಾಲೆಯ ಹೊತ್ತಿನಲ್ಲಿ ಭಾರೀ ವಾಹನ ನಿಲ್ಲಿಸಿ, ಮೇನ್ ರೋಡಿನ ಕೆಲಸ ಬೇಗ ಮುಗಿಸಿ. ವಾಹನಕ್ಕೆ ಮಿತಿ ಹಾಕಲು 1988ರ ಮೋಟಾರು ವಾಹನ ಕಾಯ್ದೆಯ 112 ಮತ್ತು 115ನೇ ಕಲಮುಗಳಲ್ಲಿ ಅವಕಾಶವಿದೆ. ಆ ಮಿತಿ ಬೈಕು, ಕಾರು, ಟಂಟಂ ಎಲ್ಲಕ್ಕೂ ಒಂದೇ. ಸಹಿಗೆ ಮೊದಲು ಕೇರಿಗೆ ಹೋದೆ. ಅಕ್ಕ ಓದಿಸಿ ಕೇಳಿ, "ನಮ್ಮ ಹುಡುಗರೂ ಜೋರಾಗೇ ಓಡಿಸ್ತಾರ ತಮ್ಮಾ, ಅದನ್ನೂ ಬರಿ" ಅಂದಳು. ಬರೆದೆ.

ಬಡಾವಣೆಯಲ್ಲಿ ಏಳು ಮನೆಯವರು ಸಹಿ ಮಾಡಿದರು. ಪಕ್ಕದ ಮನೆಯ ಹಿರಿಯರು ಮಾಡಲಿಲ್ಲ, ಮಾತೂ ಕಡಿಮೆಯಾಗಿದೆ. ಪಟ್ಟಣ ಪಂಚಾಯಿತಿಗೆ ಕೊಟ್ಟು ಬಂದಿದ್ದೇನೆ, ಹಂಪ್ಸ್ ಇನ್ನೂ ಬಂದಿಲ್ಲ. ಗೇಟೂ ಬಂದಿಲ್ಲ.

ಬಂಧುಗಳೇ, ನಮ್ಮಲ್ಲಿ ಹಲವರು ಓದಿ, ನೌಕರಿ ಹಿಡಿದು, ಕೇರಿಯಿಂದ ಬಡಾವಣೆಗೆ ಬಂದಿದ್ದೇವೆ. ಬಂದ ದಾರಿಗೇ ಬೀಗ ಹಾಕುವ ಕಾಗದ ಒಂದು ದಿನ ನಮ್ಮ ಮುಂದೆಯೂ ಬರುತ್ತದೆ. ಅದರಲ್ಲಿ ಜಾತಿಯ ಹೆಸರು ಇರುವುದಿಲ್ಲ, 'ಹೊರಗಿನವರು' ಎಂದಷ್ಟೇ ಇರುತ್ತದೆ.

*ಇಂದಿನ ಅಭ್ಯಾಸ:* ಯಾವ ದೂರಿಗಾದರೂ ಸಹಿ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ.
1. ನಾನು ತಡೆಯುತ್ತಿರುವುದು ಅಪಾಯವನ್ನೋ, ಮನುಷ್ಯರನ್ನೋ?
2. ಇದರಲ್ಲಿ ನನ್ನದೂ ತಪ್ಪಿದೆಯೇ?
3. ಆ ಕಡೆಯವರನ್ನು ಕೂರಿಸಿ ಕೇಳಿದ್ದೇನೆಯೇ?

ನಿಮ್ಮ ಓಣಿಯ ಅನುಭವವನ್ನು ಭಾನುವಾರದ ಕೂಟದಲ್ಲಿ ಹೇಳಿ.

ನಮೋ ಬುದ್ಧಾಯ 🙏 ಜೈ ಭೀಮ್ 💙